ಕಡಲಮೊಲದ ಆಹಾರಸೇವನೆಯೂ ‘ಆಜ್ಞಾಪಕ ನರಕೋಶ’ವೆಂಬ ಕಲ್ಪನೆಯೂ

ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಪ್ರಾಣಿಶಾಸ್ತ್ರದ ವಿಷಯವೇಕೆಂದು ವಾಚಕರು ಶಂಕಿಸಬಹುದು. ನಮ್ಮ ಪರಿಶೀಲನೆಗೆ ವಸ್ತುವಾಗಿರುವುದು ಆ ಶಾಸ್ತ್ರದವರು ಬಳಸುವ ಒಂದು ಪದ. ನಡೆದ ಕಾರ್ಯಕ್ಕೆ ಕರ್ತೃವಾರೆಂದು ಗೊತ್ತುಮಾಡುವ ಹೊಣೆ ಇತಿಹಾಸಕಾರನಿಗೂ ಇರುವುದರಿಂದ, ಆ ಪದದ ಗುಣದೋಷಗಳನ್ನು ಕುರಿತು ಎರಡು ಮಾತು ಹೇಳಲು ನಮಗೂ ಅವಕಾಶವುಂಟೆಂದು ಭಾವಿಸಿದ್ದೇವೆ.

1964ರಲ್ಲಿ ವೀರ್ಸ್ಮಾ ಮತ್ತು ಇಕೆಡಾ ಎಂಬ ವಿದ್ವಾಂಸರು, ಸಿಗಡಿಯನ್ನು ಹೋಲುವ ಕ್ರೇಫಿಶ್ ಎಂಬ ಸಿಹಿನೀರಿನ ಪ್ರಾಣಿಯಲ್ಲಿ ಒಂದೊಂದೇ ನರತಂತುವನ್ನು ಕೆರಳಿಸಿ, ಹೊಟ್ಟೆಯ ಕೆಳಗಣ ಈಜುಕಾಲುಗಳ ಲಯಬದ್ಧವಾದ ಚಲನೆಯನ್ನು ಹೊರಡಿಸಬಹುದೆಂದು ತೋರಿಸಿದರು. ಅಂಥ ಕೋಶಗಳು ಚಲನೆಯನ್ನು ‘ಆಜ್ಞಾಪಿಸುತ್ತವೆ’ ಎಂಬ ಮಾತನ್ನು ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ಇಟ್ಟರು. ಪದ ಬಹು ಬೇಗ ಪ್ರಚಾರಕ್ಕೆ ಬಂದಿತು. ದಂಡನಾಯಕನೂ ಸೇನೆಯೂ ಮನಸ್ಸಿಗೆ ಸುಲಭವಾಗಿ ಎಟಕುವ ಚಿತ್ರಗಳಲ್ಲವೆ?

ಈ ಪದಕ್ಕೆ ನಿಜವಾದ ಪರೀಕ್ಷೆ ಒದಗಿದುದು ಕಡಲಮೊಲದಲ್ಲಿ. ಹೊರಗೆ ಚಿಪ್ಪು ಕಾಣದ, ಬಸವನಹುಳುವಿನ ಬಳಗಕ್ಕೆ ಸೇರಿದ ಈ ಜೀವಿಯನ್ನು ಶಾಸ್ತ್ರದಲ್ಲಿ ಅಪ್ಲೀಸಿಯಾ ಎನ್ನುತ್ತಾರೆ. (ರೋಮಿನ ಪ್ಲಿನಿ ಇದನ್ನು ಘೋರ ವಿಷಜಂತುವೆಂದು ವರ್ಣಿಸಿದ್ದಾನೆ, ಪಾಪ, ಅದು ಕಡಲಪಾಚಿಯನ್ನು ಮೇಯ್ದು ಬದುಕುವ ಪ್ರಾಣಿ.) ಇದರ ಕೇಂದ್ರ ನರಮಂಡಲದಲ್ಲಿರುವ ಕೋಶಗಳು ಸುಮಾರು 20,000 ಮಾತ್ರ, ಅವುಗಳಲ್ಲಿ ಕೆಲವು ಬರಿಗಣ್ಣಿಗೂ ಕಾಣುವಷ್ಟು ದೊಡ್ಡವು. ಒಂದೇ ಕೋಶವನ್ನು ಪ್ರಾಣಿಯಿಂದ ಪ್ರಾಣಿಗೆ ಗುರುತಿಸಬಹುದು. ಎರಿಕ್ ಕ್ಯಾಂಡೆಲ್ ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಬಂದುದರಿಂದ ಈ ಪ್ರಾಣಿಯ ಕಿವಿರಿನ ಸಂಕೋಚವೂ ನೆನಪಿನ ಶಕ್ತಿಯೂ ಲೋಕಪ್ರಸಿದ್ಧವಾದವು. ಅದರ ಊಟದ ವಿಚಾರಕ್ಕೆ ಅಷ್ಟು ಹೆಸರು ಬರಲಿಲ್ಲ. ನಮ್ಮ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಅದೇ.

1978ರಲ್ಲಿ ಕುಪ್ಫರ್ಮನ್ ಮತ್ತು ವೈಸ್ ಎಂಬವರು ಆಜ್ಞಾಪಕವೆಂಬ ಬಿರುದನ್ನು ಯಾವ ಕೋಶಕ್ಕೆ ಕೊಡಬಹುದೆಂಬುದಕ್ಕೆ ಕಟ್ಟುನಿಟ್ಟಾದ ನಿಯಮವನ್ನು ವಿಧಿಸಿದರು. ಸಹಜವಾದ ಸಂದರ್ಭದಲ್ಲಿ ಆ ಕೋಶ ಹೇಗೆ ಸ್ಪಂದಿಸುತ್ತದೆಂಬುದು ಮೊದಲು ತಿಳಿದಿರಬೇಕು. ಅದೇ ರೀತಿಯಲ್ಲಿ ಅದೊಂದನ್ನೇ ಕೆರಳಿಸಿದರೆ ಪೂರ್ಣವಾದ ವರ್ತನೆ ಹೊರಡಬೇಕು. ಅದನ್ನು ತೆಗೆದರೆ ವರ್ತನೆ ನಿಲ್ಲಬೇಕು. ಬಿರುದುಗಳನ್ನು ಹೀಗೆ ಒರೆಗೆ ಹಚ್ಚುವ ಸಾಹಸ ಪ್ರಶಸ್ತಿಶಾಸನಗಳನ್ನು ಓದುವ ನಮ್ಮಂಥವರಿಗೆ ಮೆಚ್ಚುಗೆಯಾಗದೆ ಇರದು. ಕ್ರೇಫಿಶ್ ಪ್ರಾಣಿ ಬಾಲ ಬಡಿದು ತಪ್ಪಿಸಿಕೊಳ್ಳುವ ಕ್ರಿಯೆಯಲ್ಲಿ ಒಂದು ಜೊತೆ ಭಾರಿ ನರಕೋಶಗಳು ಈ ಒರೆಗೆ ನಿಂತುವೆಂದು 1981ರಲ್ಲಿ ಸಿದ್ಧಪಟ್ಟಿತು. ಆದರೆ ಅದು ಕ್ಷಣಮಾತ್ರದ ಕ್ರಿಯೆ. ಉಣ್ಣುವುದು ಅಂಥದಲ್ಲ.

ಕಡಲಮೊಲದ ಮಿದುಳಿನ ನರಗಂಟಿನಲ್ಲಿ ಒಂದು ಜೊತೆ ದೊಡ್ಡ ಕೋಶಗಳಿವೆ. ಅವು ಸೆರೊಟೋನಿನ್ ಎಂಬ ದ್ರವ್ಯವನ್ನು ಬಿಟ್ಟು ಬಾಯಿಯ ಸ್ನಾಯುಗಳ ಸಂಕೋಚಕ್ಕೆ ಬಲ ಕೊಡುತ್ತವೆ. ಇವನ್ನು ನಾಶಮಾಡಿ ನೋಡಿದ ಪ್ರಯೋಗದ ಫಲ 1983ರಲ್ಲಿ ಪ್ರಕಟವಾಯಿತು: ಪ್ರಾಣಿ ತಿನ್ನುವುದನ್ನು ಬಿಡಲಿಲ್ಲ, ಅದರ ಕಚ್ಚುವಿಕೆ ನಿಧಾನವಾಯಿತು. ಮೇಲ್ಕಂಡ ನಿಯಮದಂತೆ ಇವು ಆಜ್ಞಾಪಕಗಳಲ್ಲ. ಹಾಗಾದರೆ ಏನು? ಊಟವನ್ನು ಆರಂಭಿಸದೆ, ನಿಲ್ಲಿಸದೆ, ಅದರ ವೇಗವನ್ನು ಮಾರ್ಪಡಿಸುವ ಈ ಕರ್ತೃವಿಗೆ ಹೌದು-ಅಲ್ಲ ಎಂಬ ಎರಡೇ ಉತ್ತರವುಳ್ಳ ಆ ನಿಯಮದಲ್ಲಿ ಸ್ಥಾನವೇ ಇಲ್ಲ. ಇಂಥವುಗಳ ಕೆಲಸವನ್ನು ಕಂಡುಹಿಡಿದವರಲ್ಲಿ ಆ ನಿಯಮದ ಕರ್ತರೇ ಮುಖ್ಯರೆಂಬುದು ಗಮನಾರ್ಹ.

ಕ್ಯಾಲಿಫೋರ್ನಿಯಾ ತೀರದ ಇನ್ನೊಂದು ಜಾತಿ ಪ್ಲೂರೊಬ್ರಾಂಕಿಯಾ, ಇದು ಮಾಂಸಾಹಾರಿ. ಅದರ ಆಜ್ಞಾಪಕ ಕೋಶಗಳನ್ನು ಪರೀಕ್ಷಿಸಿದ ಜಿಲೆಟ್, ಕೋವಾಕ್, ಡೇವಿಸ್ ಎಂಬವರು, ಯಾವ ನರಜಾಲಕ್ಕೆ ಇವು ಆಜ್ಞೆ ಕೊಡುತ್ತವೆಯೋ ಆ ಜಾಲದಿಂದಲೇ ಇವುಗಳಿಗೆ ಮರುಸಂಜ್ಞೆ ಬರುತ್ತದೆಂದು 1978ರಲ್ಲಿಯೇ ವರದಿ ಮಾಡಿದರು. ಆಳುವವನು ಆಳಿಸಿಕೊಳ್ಳುವವರ ಮಾತಿನಂತೆ ನಡೆಯುವುದಾದರೆ ಆಜ್ಞೆಯೆಂಬ ಮಾತಿಗೆ ಉಳಿಯುವ ಅರ್ಥವೇನು? ಇಷ್ಟಾದರೂ ಆ ಲೇಖನದ ಶೀರ್ಷಿಕೆಯಲ್ಲಿ ಹಳೆಯ ಬಿರುದು ಹಾಗೆಯೇ ಉಳಿದಿದೆ.

ಮುಂದಿನ ಸಂಶೋಧನೆ ಸಂದೇಹವನ್ನು ಇನ್ನೂ ಬಲಪಡಿಸಿತು. ಕಡಲಮೊಲದ ಬಾಯಲ್ಲಿ ಹಲ್ಲುಸಾಲುಗಳುಳ್ಳ, ನಾಲಗೆಯಂಥ ರಾಡುಲಾ ಎಂಬ ಅಂಗವಿದೆ. ಇದು ಮುಂದಕ್ಕೆ ಚಾಚಿ ಹಿಂದಕ್ಕೆ ಸರಿಯುತ್ತದೆ. ಹಿಂದಕ್ಕೆ ಸರಿಯುವಾಗ ಮುಚ್ಚಿಕೊಂಡರೆ ಪಾಚಿ ಒಳಕ್ಕೆ ಬರುತ್ತದೆ. ಮುಂದಕ್ಕೆ ಚಾಚುವಾಗ ಮುಚ್ಚಿಕೊಂಡರೆ ಬೇಡವಾದ ವಸ್ತು ಹೊರಕ್ಕೆ ಹೋಗುತ್ತದೆ. ಅಂಗವೊಂದೇ, ಚಾಚಿ ಸರಿಯುವ ಕ್ರಮವೂ ಒಂದೇ. ಮುಚ್ಚುವ ಹೊತ್ತು ಮಾತ್ರ ಬೇರೆ. ಮಿದುಳಿನ ಗಂಟಿನಿಂದ ಬಾಯಿಯ ಗಂಟಿಗೆ ಸಾಗುವ ಕೋಶಗಳಿಗೆ 1991ರ ಲೇಖನವೊಂದರಲ್ಲಿ ಸಂಖ್ಯೆ ಕೊಟ್ಟಿದ್ದಾರೆ. ಎರಡನೆಯ ಸಂಖ್ಯೆಯ ಕೋಶ ಈ ಚಲನಕ್ರಮವನ್ನು ಹೊರಡಿಸಬಲ್ಲುದು. ಆದರೆ ಅದು ನುಂಗುವುದರ ಕಡೆಗೆ ತಿರುಗಲು ಮೂರನೆಯ ಸಂಖ್ಯೆಯದು ಜೊತೆಗೂಡಬೇಕೆಂದು 2001ರಲ್ಲಿ ಜಿಂಗ್ ಮತ್ತು ವೈಸ್ ತೋರಿಸಿದರು. ಇಲ್ಲಿ ನಿರ್ಣಯವು ಕೋಶಗಳ ಕೂಟದಲ್ಲಿದೆ.

ಬಿಡಿ ಕೋಶವಲ್ಲದಿದ್ದರೆ ಕೋಶಗಳ ಗುಂಪನ್ನೇ ‘ಆಜ್ಞಾವ್ಯವಸ್ಥೆ’ ಎನ್ನಬಹುದೆಂಬ ದಾರಿಯನ್ನು ಕುಪ್ಫರ್ಮನ್ ಮತ್ತು ವೈಸ್ ಮೊದಲೇ ತೆರೆದಿಟ್ಟಿದ್ದರು. ಇದನ್ನು ಒಪ್ಪಲು ನಮಗೆ ಮನಸ್ಸಾಗದು. ಗುಂಪನ್ನು ಹಿಗ್ಗಿಸುತ್ತ ಹೋದರೆ ಕೊನೆಗೆ ಇಡೀ ನರಮಂಡಲವೇ ಆಜ್ಞಾಪಕವಾಗಿ, ಆಜ್ಞೆಯನ್ನು ಪಾಲಿಸುವವರೇ ಉಳಿಯರು. ಯುದ್ಧ ಗೆದ್ದವನು ಅರಸನೆಂದು ಬರೆದು, ಆಕ್ಷೇಪಣೆ ಬಂದಾಗ ಅರಸನೆಂದರೆ ರಾಜ್ಯವೆಂದೇ ಅರ್ಥವೆನ್ನುವ ಚರಿತ್ರಕಾರರ ಜಾಣತನವೂ ಇದೇ ಬಗೆಯದು.

ಶಾಸ್ತ್ರಗ್ರಂಥಗಳನ್ನು ಕನ್ನಡಕ್ಕೆ ತರುವವರು ಈ ಪದವನ್ನು ಬಾಲ ಬಡಿಯುವ ಕ್ರೇಫಿಶ್‌ನಂಥ ಪ್ರಕರಣಗಳಿಗೆ ಮೀಸಲಿಡುವುದು ಯುಕ್ತ. ಕಡಲಮೊಲದ ಊಟದ ವಿಚಾರದಲ್ಲಿ ಆರಂಭಿಸುವ ಕೋಶಕ್ಕೆ ‘ಪ್ರವರ್ತಕ’ವೆಂದೂ ವೇಗವನ್ನು ತಿದ್ದುವುದಕ್ಕೆ ‘ನಿಯಾಮಕ’ವೆಂದೂ ಬೇರೆ ಬೇರೆ ಹೆಸರುಗಳನ್ನಿಟ್ಟರೆ ಪ್ರಯೋಗಗಳು ಹೇಳುವುದಕ್ಕೂ ಭಾಷೆ ಹೇಳುವುದಕ್ಕೂ ವಿರೋಧ ಬಾರದು.