ಮನೆಗೆ ಕಳಿಸುವಂತಿಲ್ಲ, ಸರಿ, ಆಮೇಲೆ?

ಪುಸ್ತಕ ತೆಗೆ ಎಂದರೆ ತೆಗೆಯಲಿಲ್ಲ, ಟೋಪಿ ಕಳಚು ಎಂದರೆ ಎದುರುತ್ತರ ಕೊಟ್ಟ. ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಹುಡುಗನನ್ನು ಅಮಾನತು ಮಾಡಲು ಬಹುಕಾಲ ಇಷ್ಟೇ ಸಾಕಾಗಿತ್ತು. ಬೇಕೆಂದೇ ಮಾಡಿದ ಅವಿಧೇಯತೆ ಎಂಬ ಆ ಕಾರಣದೊಳಗೆ ಏನನ್ನು ಬೇಕಾದರೂ ತುರುಕಬಹುದಿತ್ತು. ರಾಜ್ಯ ಅದನ್ನು ಕಂತಿನಲ್ಲಿ ಕಿತ್ತುಹಾಕಿತು: 2014ರ ಕಾನೂನಿನಲ್ಲಿ ಮೂರನೇ ತರಗತಿಯವರೆಗೆ, 2019ರದರಲ್ಲಿ ಎಂಟರವರೆಗೆ, 2023ರ ಎಸ್‌ಬಿ 274 ಎಂಬ ಕಾನೂನಿನಲ್ಲಿ ಹನ್ನೆರಡರವರೆಗೆ. ತಡವಾಗಿ ಬಂದವರನ್ನು, ಚಕ್ಕರ್ ಹೊಡೆದವರನ್ನು ಅದಷ್ಟಕ್ಕೇ ಅಮಾನತು ಮಾಡುವುದೂ ನಿಂತಿತು. ಶಾಲೆಗೇ ಬಾರದವನಿಗೆ ಶಾಲೆಗೆ ಬರಬೇಡ ಎನ್ನುವ ಶಿಕ್ಷೆಯನ್ನು ಯಾವ ಜಾಣ ಕಂಡುಹಿಡಿದನೋ!

ಇಷ್ಟರ ಮಟ್ಟಿಗೆ ಇದು ಒಳ್ಳೆಯ ಕಾನೂನು. ಎಡಿಎಚ್‌ಡಿ ಇರುವ, ಆಟಿಸಂ ಇರುವ ಮಗುವಿನ ಚಡಪಡಿಕೆ ನೋಡುವವರ ಕಣ್ಣಿಗೆ ಉದ್ಧಟತನವಾಗಿಯೇ ಕಾಣುತ್ತದೆ. ಇಂಥ ಮಕ್ಕಳಿಗೆ ಅಮೆರಿಕದ ಕೇಂದ್ರ ಸರ್ಕಾರದ ವಿಶೇಷ ಶಿಕ್ಷಣ ಕಾಯ್ದೆಯಾದ ಐಡಿಇಎಯ ರಕ್ಷಣೆಯಿದೆ. ಸತತ ಹತ್ತು ಶಾಲಾ ದಿನಗಳಿಗಿಂತ ಹೆಚ್ಚು ಹೊರಗಿಡುವುದಾದರೆ ಶಾಲೆಯವರೂ ಪೋಷಕರೂ ಕೂತು ಎರಡು ಪ್ರಶ್ನೆಗೆ ಉತ್ತರ ಹುಡುಕಬೇಕು. ನಡತೆಗೆ ಕಾರಣ ಆ ನ್ಯೂನತೆಯೇ? ಅಥವಾ ಮಗುವಿಗೆಂದು ಬರೆದ ಶಿಕ್ಷಣ ಯೋಜನೆಯನ್ನು, ಅಂದರೆ ಐಇಪಿಯನ್ನು, ಶಾಲೆಯೇ ಜಾರಿ ಮಾಡದ್ದರ ಫಲವೇ? ಎರಡನೆಯದು ನನಗೆ ಬಹಳ ಹಿಡಿಸಿದ ಪ್ರಶ್ನೆ. ಅದು ಶಾಲೆಯನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಆದರೆ ಎರಡು ಮೂರು ದಿನದ ಅಮಾನತಿಗೆ ಈ ಸಭೆ ಸಾಮಾನ್ಯವಾಗಿ ಬೇಕಿಲ್ಲ. ಆ ಸಂದನ್ನು ಎಸ್‌ಬಿ 274 ತಕ್ಕಮಟ್ಟಿಗೆ ಮುಚ್ಚಿದೆ.

ಈ ಕಾನೂನು ಸೋತಿರುವುದು ಮುಂದಿನ ಹೆಜ್ಜೆಯಲ್ಲಿ. ತೊಂದರೆ ಕೊಟ್ಟ ವಿದ್ಯಾರ್ಥಿಯ ಬಗ್ಗೆ ಶಿಕ್ಷಕಿ ಆಡಳಿತಕ್ಕೆ ತಿಳಿಸಬಹುದು. ಏನು ಕ್ರಮ ಕೈಗೊಂಡೆವೆಂದು ಆಡಳಿತದವರು ಐದು ಕೆಲಸದ ದಿನಗಳೊಳಗೆ ದಾಖಲಿಸಬೇಕು. ಕಾಗದ ಬರುತ್ತದೆ, ಮಗುವಿನ ಪಕ್ಕ ಕೂರಲು ಸಹಾಯಕಿ ಬರುವುದಿಲ್ಲ. ವಿಶೇಷ ಶಿಕ್ಷಣಕ್ಕಾಗಿ, ಒಬ್ಬ ವಿದ್ಯಾರ್ಥಿಗೆ ತಗಲುವ ರಾಷ್ಟ್ರೀಯ ಸರಾಸರಿ ವೆಚ್ಚದ ಶೇ. 40ರವರೆಗೆ ಕೊಡುತ್ತೇವೆಂದು 1975ರಲ್ಲಿ ಹೇಳಿದ ಕೇಂದ್ರ ಸರ್ಕಾರ ಆ ಮಾತನ್ನು ಒಮ್ಮೆಯೂ ಪೂರ್ತಿ ನಡೆಸಿಲ್ಲ. ಬರಿಗೈಯ ಶಾಲೆಗೆ ಆಗ ಉಳಿಯುವುದು ಹಳೆಯ ಉಪಾಯ: ಬೆಳಗ್ಗೆ ಹನ್ನೊಂದಕ್ಕೆ ತಾಯಿಗೆ ಫೋನ್, 'ಇವತ್ತು ಅವನಿಗೆ ಸರಿಯಿಲ್ಲ, ಕರೆದುಕೊಂಡು ಹೋಗಿ.' ಅಮಾನತು ಎಂದು ಎಲ್ಲೂ ಬರೆಯುವುದಿಲ್ಲ. ಬರೆಯದ್ದರಿಂದ ಹತ್ತು ದಿನಗಳ ಲೆಕ್ಕಕ್ಕೂ ಸಿಗುವುದಿಲ್ಲ.

ಆರರಿಂದ ಹನ್ನೆರಡರವರೆಗಿನ ನಿರ್ಬಂಧದ ಅವಧಿ 2029ರ ಜುಲೈ 1ಕ್ಕೆ ಮುಗಿಯುತ್ತದೆ. ಅದನ್ನು ಮುಂದುವರಿಸುವಾಗ ಸಹಾಯಕರಿಗೆ ಹಣವನ್ನೂ ಈ ಫೋನ್ ಕರೆಗಳಿಗೆ ಲೆಕ್ಕವನ್ನೂ ಸೇರಿಸದಿದ್ದರೆ ಕಾನೂನು ಅರ್ಧಕ್ಕೇ ನಿಂತಂತೆ. ಅಲ್ಲಿಯವರೆಗೆ, ಫ್ರೀಮಾಂಟ್, ಸನಿವೇಲ್ ಕಡೆಯ ಕನ್ನಡ ಪೋಷಕರೇ, ಅಂಥ ಫೋನ್ ಬಂದರೆ 'ಇದು ಅಮಾನತೇ?' ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.