ಸುಖವೆಂಬ ಸೆರೆಮನೆ

ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ (1932) ಪರಿಗ್ರಹವೇ ಧರ್ಮವಾದ ನಾಳಿನ ರಾಜ್ಯವೊಂದರ ಕಥೆ. ಹಳೆಯ ಬಟ್ಟೆಗೆ ತೇಪೆ ಹಾಕುವುದು ಹೀನವೆಂದು ಅಲ್ಲಿ ಮಕ್ಕಳಿಗೆ ನಿದ್ರೆಯಲ್ಲಿಯೇ ಉಪದೇಶ. ದುಃಖ ತಲೆಯೆತ್ತಿದರೆ ‘ಸೋಮ’ವೆಂಬ ಗುಳಿಗೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಗೆ ತಡೆಯೊಡ್ಡುವ ಮುನ್ನ ಸಂಡೂರಿನ ಬೆಟ್ಟಗಳು ಕರಗಿದುದನ್ನೂ, ಹೊಸಪೇಟೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿದುದನ್ನೂ ಕಂಡವರಿಗೆ ಇದು ಬರಿಯ ಕಲ್ಪನೆಯೆನಿಸದು.

ಆದರೂ ಕೃತಿ ಪೂರ್ಣ ತೃಪ್ತಿ ನೀಡದು. ಆ ಭೋಗವನ್ನು ಧಿಕ್ಕರಿಸಿದ ಜಾನ್ ಚಾವಟಿಯಿಂದ ತನ್ನನ್ನೇ ಹೊಡೆದುಕೊಂಡು, ಕಡೆಗೆ ನೇಣಿಗೆ ಶರಣಾಗುತ್ತಾನೆ. ಅದು ತಪಸ್ಸಲ್ಲ, ಆರ್ತಧ್ಯಾನ. ಭೋಗರಾಜ್ಯದ ಹುಚ್ಚು, ಆದಿಮ ಬದುಕು ಇವೆರಡನ್ನೇ ಅವನ ಮುಂದಿಟ್ಟುದು ದೋಷವೆಂದು 1946ರ ಮುನ್ನುಡಿಯಲ್ಲಿ ಲೇಖಕನೇ ಒಪ್ಪಿದ್ದಾನೆ. ಹಂಪಿಯಲ್ಲಿ 1385ರಲ್ಲಿ ಕುಂಥುಜಿನನಿಗೆ ಚೈತ್ಯಾಲಯ ಕಟ್ಟಿಸಿದ ಇರುಗಪ್ಪನು ದಂಡನಾಯಕನೂ ಹೌದು, ಶ್ರಾವಕನೂ ಹೌದು. ಸಂಸಾರದಲ್ಲಿದ್ದೇ ಮಿತಿಯನ್ನು ಪಾಲಿಸುವ ಆ ಅಣುವ್ರತದ ದಾರಿ ಜಾನ್‌ನ ಕಣ್ಣಿಗೆ ಬೀಳುವುದೇ ಇಲ್ಲ.