ಇದಕ್ಕೆ ಎಂಥ ಶೆಲ್ಲು ಹಾಕೋದು?

ಮಳೆಗಾಲದ ಒಂದು ಶನಿವಾರ. ತೀರ್ಥಹಳ್ಳಿ ಹತ್ತಿರದ ನಮ್ಮನೆ ಜಗಲಿಯಲ್ಲಿ ಕೂತು, ಹೊಸದಾಗಿ ತಗೊಂಡ ಜಿಪಿಎಸ್ ವಾಚನ್ನು ಅಪ್ಪನಿಗೆ ತೋರಿಸ್ತಾ ಇದ್ದೆ. ನಡೆದ ದಾರಿಯನ್ನೆಲ್ಲ ಬರೆದಿಡುತ್ತೆ, ಎಷ್ಟು ಎತ್ತರ ಹತ್ತಿದೆ ಅಂತ ಹೇಳುತ್ತೆ, ಎದೆಬಡಿತ ಎಣಿಸುತ್ತೆ ಅಂತ ಒಂದೇ ಸಮ ವರ್ಣಿಸಿದೆ. ಅಪ್ಪ ಕವಳ ಹಾಕಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ.

"ಇದಕ್ಕೆ ಎಂಥ ಶೆಲ್ಲು ಹಾಕೋದು ಮಾರಾಯ?"

"ಶೆಲ್ಲು ಹಾಕೋ ಹಂಗಿಲ್ಲ ಅಪ್ಪ, ಚಾರ್ಜ್ ಮಾಡ್ಬೇಕು. ಇದಕ್ಕೇ ಅಂತ ಬೇರೆ ವೈರ್ ಬರುತ್ತೆ."

"ಆ ವೈರ್ ಕಳೆದ್ರೆ?"

ನಕ್ಕು ಮಾತು ತೇಲಿಸಿದೆ. ಆ ಹೊತ್ತಿಗೆ ಊರಲ್ಲಿ ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಎಲ್ಲೋ ಲೈನ್ ಮೇಲೆ ಮರ ಬಿದ್ದಿತ್ತು. ಆಗಲಾದ್ರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಆ ವಾಚ್ ತಗೊಳ್ಳೋ ಮುಂಚೆ ನಾನು ನೋಡಿದ ರಿವ್ಯೂ ವಿಡಿಯೋಗಳಿಗೆ ಲೆಕ್ಕವಿಲ್ಲ. ಎಲ್ಲದರದ್ದೂ ಒಂದೇ ಧಾಟಿ. ಡಬ್ಬ ಬಿಚ್ಚುತ್ತಾರೆ, ಸ್ಕ್ರೀನ್ ಎಷ್ಟು ಹೊಳೆಯುತ್ತೆ ಅಂತ ತೋರಿಸ್ತಾರೆ, ಪಾರ್ಕಿನಲ್ಲಿ ಎರಡು ಸುತ್ತು ಓಡ್ತಾರೆ, ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತಾರೆ. ಮದುವೆ ಮಂಟಪದಲ್ಲಿ ಮದುಮಗನನ್ನು ನೋಡಿ ಸಂಸಾರದ ಬಗ್ಗೆ ತೀರ್ಪು ಕೊಟ್ಟ ಹಾಗೆ! ಪ್ರಯಾಣದಲ್ಲಿ ಇವುಗಳ ಬಣ್ಣ ಬಯಲಾಗೋದು ಮೂರನೇ ದಿನ, ಹತ್ತಿರದಲ್ಲಿ ಎಲ್ಲೂ ಪ್ಲಗ್ ಪಾಯಿಂಟ್ ಇಲ್ಲದಾಗ. ಆ ಮೂರನೇ ದಿನದ ವಿಮರ್ಶೆಯನ್ನು ಯಾರೂ ಬರೆಯೋದಿಲ್ಲ. ಅದಕ್ಕೇ ನಾನು ಬರೀತಿದ್ದೀನಿ.

ನನ್ನ ಮೂರನೇ ದಿನ ಬಂದದ್ದು ಉತ್ತರಾಖಂಡದ ಹರ್ ಕಿ ದೂನ್ ಚಾರಣದಲ್ಲಿ, ಡಿಸೆಂಬರ್ ತಿಂಗಳು. ವಿಮಾನದಲ್ಲಿ 7 ಕೆಜಿಯ ಕ್ಯಾಬಿನ್ ಬ್ಯಾಗ್ ಒಂದೇ ಒಯ್ಯಬೇಕು ಅನ್ನೋ ಹಟ ಬೇರೆ. ನಡಿಗೆ ಶುರುವಾಗುವ ಸಾಂಕ್ರಿ ಊರಿನಲ್ಲಿ ಬೇಡದ ಸಾಮಾನೆಲ್ಲ ಬಿಟ್ಟು ಹೊರಡುವಾಗ ವಾಚಿನ ವೈರನ್ನೂ ಅಲ್ಲೇ ಬಿಟ್ಟೆ. ಡಬ್ಬದ ಮೇಲೆ "7 ದಿನ" ಅಂತ ಇತ್ತಲ್ಲ! ಆ ಏಳು ದಿನ ಬರೀ ಗಂಟೆ ನೋಡಿಕೊಂಡಿದ್ದರೆ ಮಾತ್ರ, ಜಿಪಿಎಸ್ ಹಾಕಿ ನಡೆದರೆ ಲೆಕ್ಕ ದಿನಗಳಲ್ಲಲ್ಲ, ಗಂಟೆಗಳಲ್ಲಿ ಅನ್ನೋದು ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿತ್ತು.

ಮೂರನೇ ದಿನ ಮಧ್ಯಾಹ್ನ ಇಳೀತಾ ಇದ್ವಿ. ಜೊತೆಗಿದ್ದ ಗೆಳೆಯನಿಗೆ ಹೊಟ್ಟೆ ಕೆಟ್ಟು ನಡಿಗೆ ನಿಧಾನವಾಗಿತ್ತು. ಗೈಡ್ ಉಳಿದವರ ಜೊತೆ ಮುಂದೆ ಹೋಗಿದ್ದ. ಹಿಮ ಬೀಳೋಕೆ ಶುರುವಾಯ್ತು. ಅರ್ಧ ಗಂಟೆಯೊಳಗೆ ದಾರಿ ಯಾವುದು, ಇಳಿಜಾರು ಯಾವುದು ಗೊತ್ತಾಗದ ಹಾಗೆ ಎಲ್ಲ ಬೆಳ್ಳಗಾಯ್ತು. ಕೈ ನೋಡಿಕೊಂಡೆ, ವಾಚ್ ಸತ್ತಿತ್ತು. ಫೋನ್ ತೆಗೆದೆ. 34 ಪರ್ಸೆಂಟ್ ಅಂತ ತೋರಿಸ್ತಾ ಇದ್ದದ್ದು ಮ್ಯಾಪ್ ತೆರೆಯುವಷ್ಟರಲ್ಲಿ ಆಫ್ ಆಯ್ತು. ಬ್ಯಾಗಿನಲ್ಲಿ ತುಂಬಿದ ಪವರ್ ಬ್ಯಾಂಕ್ ಇತ್ತು. ಫೋನಿಗೆ ಚುಚ್ಚಿದರೆ, ಕೊರೆಯುವಷ್ಟು ತಣ್ಣಗಾಗಿದ್ದ ಅದು ಚಾರ್ಜ್ ತಗೊಳ್ಳಲಿಲ್ಲ. ವಾಚಿಗೆ ಚುಚ್ಚೋಣ ಅಂದ್ರೆ ವೈರ್ ಸಾಂಕ್ರಿಯಲ್ಲಿ. ಹಗುರ ಪ್ರಯಾಣ ಅಂತ ಉಳಿಸಿದ್ದು ಎಷ್ಟು? ಹೆಚ್ಚಂದ್ರೆ 30 ಗ್ರಾಂ.

ಗೆಳೆಯ ನಡುಗ್ತಾ ಇದ್ದ. "ಕೆಳಗಡೆ ನದಿ ಸದ್ದು ಕೇಳ್ತಿದೆ, ಅದನ್ನೇ ಹಿಡ್ಕೊಂಡು ಹೋಗೋಣ ಕಣೋ" ಅಂದ.

ಆಗ ನೆನಪಾದದ್ದು ನಮ್ಮನೆ ಅಂಗಳ. ಅಪ್ಪನ ಬ್ಯಾಟ್ರಿ ಮಂಕಾದರೆ ಶೆಲ್ಲು ತೆಗೆದು ಅಡಿಕೆ ಜೊತೆ ಬಿಸಿಲಿಗೆ ಇಡ್ತಿದ್ದ. ಸಂಜೆ ತೋಟಕ್ಕೆ ಹೋಗಿ ಬರುವಷ್ಟು ಬೆಳಕು ಮತ್ತೆ ಬರ್ತಿತ್ತು. ಇಂಜಿನಿಯರಿಂಗ್ ಓದುವಾಗ ಅದನ್ನೊಂದು ಮೂಢನಂಬಿಕೆ ಅಂತ ಗೇಲಿ ಮಾಡಿದ್ದೆ. ಈಗ ಫೋನನ್ನೂ ಪವರ್ ಬ್ಯಾಂಕನ್ನೂ ಜಾಕೆಟ್ ಒಳಗೆ ಕಂಕುಳಿಗೆ ಒತ್ತಿಕೊಂಡು ಬಂಡೆಯ ಮರೆಯಲ್ಲಿ ಕೂತೆ. ಇಪ್ಪತ್ತು ನಿಮಿಷ ಆದ ಮೇಲೆ ಫೋನ್ ಎದ್ದಿತು. ಮ್ಯಾಪಿನಲ್ಲಿ ನಮ್ಮ ನೀಲಿ ಚುಕ್ಕೆ ದಾರಿಯಿಂದ 200 ಮೀಟರ್ ಕೆಳಗೆ, ನದಿ ಕಡೆಗಿತ್ತು. ಆ ಸದ್ದು ಹಿಡಿದು ಇನ್ನೂ ಇಳಿದಿದ್ದರೆ ಏನಾಗ್ತಿತ್ತೋ, ಈಗಲೂ ಯೋಚಿಸೋಕೆ ಇಷ್ಟವಿಲ್ಲ. ಮೇಲೆ ಹತ್ತಿ ದಾರಿ ಸೇರುವ ಹೊತ್ತಿಗೆ, ನಮ್ಮನ್ನು ಹುಡುಕಿಕೊಂಡು ಬರ್ತಿದ್ದ ಗೈಡಿನ ಸೀಟಿ ಕೇಳಿಸಿತು.

ಇದರಲ್ಲಿ ಪವಾಡ ಏನೂ ಇಲ್ಲ. ಬ್ಯಾಟರಿ ಅನ್ನೋದು ಒಳಗೆ ನಡೆಯುವ ರಾಸಾಯನಿಕ ಕ್ರಿಯೆ. ಚಳಿಗೆ ಅದು ನಿಧಾನವಾಗುತ್ತೆ, ಶಾಖಕ್ಕೆ ಚುರುಕಾಗುತ್ತೆ. ಚಾರ್ಜ್ ಇದ್ದರೂ ಹೊರಗೆ ಬರೋದಿಲ್ಲ, ಅಷ್ಟೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಿದರೆ ಅದು ಕೆಡುತ್ತೆ. ಮೊದಲು ಬೆಚ್ಚಗೆ ಮಾಡಿ, ಆಮೇಲೆ ವೈರ್ ಚುಚ್ಚಿ. ಅಪ್ಪನ ಅಂಗಳದ ಶೆಲ್ಲೂ ನನ್ನ ಕಂಕುಳಿನ ಫೋನೂ ಒಂದೇ ಪಾಠ.

ಹಾಗಾದ್ರೆ ಯಾವುದು ತಗೋಬೇಕು? ನನ್ನ ತೀರ್ಪು ಇದು.

ನಮ್ಮಲ್ಲಿ ಮುಕ್ಕಾಲು ಪಾಲು ಜನರಿಗೆ ಹೊಸದೇನೂ ಬೇಡ, ಕೈಯಲ್ಲಿರುವ ಫೋನೇ ಸಾಕು. ಜಿಪಿಎಸ್‌ಗೆ ಇಂಟರ್‌ನೆಟ್ ಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಬೇಡ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಕಳಿಸೋದನ್ನು ಫೋನ್ ಕೇಳಿಸಿಕೊಳ್ಳುತ್ತೆ, ತಿರುಗಿ ಏನೂ ಕಳಿಸೋದಿಲ್ಲ. ಓಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಥರದ ಆ್ಯಪ್‌ನಲ್ಲಿ ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನಾನು ಅವತ್ತು ಇದನ್ನು ಮಾಡಿರಲಿಲ್ಲ. ಕಣಿವೆಯಲ್ಲಿ ಇಲ್ಲದ ಟವರನ್ನು ಹುಡುಕಿ ಹುಡುಕಿಯೇ ಫೋನ್ ಅರ್ಧ ಚಾರ್ಜ್ ತಿಂದು ಹಾಕಿತ್ತು.

ವಾಚ್ ಒಳ್ಳೇ ಗುಮಾಸ್ತ. ಎಷ್ಟು ನಡೆದಿರಿ ಅಂತ ಬರೆದಿಡುತ್ತೆ. ಅದನ್ನೇ ದಾರಿ ತೋರಿಸೋ ಯಜಮಾನ ಮಾಡಿಕೊಂಡರೆ ನನ್ನ ಗತಿ. ನನ್ನ ದೊಡ್ಡ ತಕರಾರು ಅದರ ವೈರ್ ಬಗ್ಗೆ. ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನ್, ಕ್ಯಾಮೆರಾ, ಕೈಯಲ್ಲಿ ಹಿಡಿಯೋ ನ್ಯಾವಿಗೇಷನ್ ಸಾಧನ ಇವಕ್ಕೆಲ್ಲ ಟೈಪ್-ಸಿ ಕಡ್ಡಾಯ ಮಾಡಿತು. ಆ ಪಟ್ಟಿಯಲ್ಲಿ ವಾಚ್ ಇಲ್ಲ. ಹಾಗಾಗಿ ಒಬ್ಬೊಬ್ಬರದ್ದು ಒಂದೊಂದು ಕ್ಲಿಪ್ಪು, ಒಂದೊಂದು ಪಿನ್ನು. ದಾರಿಯಲ್ಲಿ ಸಿಗೋ ಯಾವ ಅಂಗಡಿಯಲ್ಲೂ ಕೊಳ್ಳೋಕೆ ಆಗದ ವೈರ್ ಬೇಡೋ ಸಾಧನಕ್ಕೆ ಹಗುರ ಅನ್ನೋ ಹೆಸರು ಒಪ್ಪೋದಿಲ್ಲ.

ನೆಟ್‌ವರ್ಕ್ ಇಲ್ಲದ ಕಡೆ ನಾಲ್ಕೈದು ದಿನ ನಡೆಯುವವರು ಮಾತ್ರ ಬೇರೆ ಜಿಪಿಎಸ್ ತಗೊಳ್ಳಿ, ಗಾರ್ಮಿನ್ ಇಟ್ರೆಕ್ಸ್ ಥರದ್ದು. ನೋಡೋಕೆ ಹಳೇ ಕಾಲದ್ದು. ಸ್ಕ್ರೀನ್ ಸಣ್ಣದು, ಅಕ್ಷರ ಒತ್ತೋಕೆ ತಾಳ್ಮೆ ಬೇಕು. ಆದ್ರೆ ಇಟ್ರೆಕ್ಸ್ 22ಎಕ್ಸ್‌ಗೆ ಬೇಕಾದ್ದು ಎರಡೇ ಪೆನ್ಸಿಲ್ ಸೆಲ್. ಕಂಪನಿ ಹೇಳೋ ಪ್ರಕಾರ 25 ಗಂಟೆ ನಡೆಯುತ್ತೆ. ಗೂಡಂಗಡಿಯಲ್ಲಿ ಸಿಗೋ ಗೋಡೆ ಗಡಿಯಾರದ ಅಗ್ಗದ ಸೆಲ್ ಇದರಲ್ಲಿ ಬೇಗ ಸುಸ್ತಾಗುತ್ತೆ, ಅದು ಆಪತ್ತಿಗೆ ಮಾತ್ರ. ರೀಚಾರ್ಜ್ ಆಗುವ ಒಳ್ಳೇ ಸೆಲ್ ಎರಡು ಜೊತೆ ಇಟ್ಟುಕೊಳ್ಳಿ.

ಉಪಗ್ರಹದ ಮೂಲಕ ಮೆಸೇಜ್ ಕಳಿಸೋ ಸಾಧನಗಳನ್ನು ವಿದೇಶದ ರಿವ್ಯೂ ನೋಡಿ ತರಿಸಿಕೊಳ್ಳೋಕೆ ಹೋಗಬೇಡಿ. ಭಾರತದಲ್ಲಿ ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳೋದೇ ಅಪರಾಧ. ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದವರಿದ್ದಾರೆ.

ಪವರ್ ಬ್ಯಾಂಕ್ 10,000 ಎಂಎಎಚ್‌ನದ್ದು ಒಂದು ಸಾಕು. ಅದು 37 ವಾಟ್-ಅವರ್; ವಿಮಾನದಲ್ಲಿ 100ರವರೆಗೆ ಬಿಡ್ತಾರೆ, ಕೈಚೀಲದಲ್ಲಿ ಮಾತ್ರ. 5,000ದ ಫೋನ್ ಎರಡು ಸಲ ತುಂಬುತ್ತೆ ಅನ್ನೋದು ಕಾಗದದ ಲೆಕ್ಕ. ವೋಲ್ಟೇಜ್ ಬದಲಾಗುವಾಗ ಸೋರಿ ಹೋಗೋದನ್ನು ಕಳೆದರೆ ಒಂದೂವರೆ ಸಲ ಚಿಲ್ಲರೆ. ರಾತ್ರಿ ಅದನ್ನೂ ಫೋನನ್ನೂ ಸ್ಲೀಪಿಂಗ್ ಬ್ಯಾಗ್ ಒಳಗೇ ಮಲಗಿಸಿ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಸೆಕೆಂಡ್ ಹ್ಯಾಂಡ್ ಇಟ್ರೆಕ್ಸ್ ಒಂದನ್ನು ಅಪ್ಪನ ಕೈಗೆ ಕೊಟ್ಟೆ. ಸ್ಕ್ರೀನ್ ಕಡೆ ನೋಡಲೇ ಇಲ್ಲ. ತಿರುಗಿಸಿ, ಹಿಂದಿನ ಮುಚ್ಚಳ ತೆಗೆದು, ಎರಡು ಸೆಲ್ ಕಂಡ ಮೇಲೆ ತಲೆಯಾಡಿಸಿದ. ಆಮೇಲೆ ತನ್ನ ಬ್ಯಾಟ್ರಿಗೆ ಮಾಡೋ ಹಾಗೇ ಒಂದು ಸೆಲ್ಲನ್ನು ಉಲ್ಟಾ ಹಾಕಿ ಮುಚ್ಚಿದ.

"ಚೀಲದಲ್ಲಿ ಬಟನ್ ಒತ್ತಿ ಹೋಗ್ತದೆ. ಬೇಕಾದಾಗ ಸರಿ ಮಾಡ್ಕೋ" ಅಂದ.

ಯಾವ ರಿವ್ಯೂನಲ್ಲೂ ಇದನ್ನು ಹೇಳಿರಲಿಲ್ಲ.